ತೂತಿನಾಚೆಯ ಕಣ್ಣು

ಎಂಬತ್ತರ ದಶಕದ ಹಾನಗಲ್ಲಿನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದವರು ಅವರು. ನನ್ನನ್ನು ಬಾಗಿಲಿಗೆ ಬೆನ್ನು ಮಾಡಿ ಕೂರಿಸಿ, ಕಪ್ಪು-ಬಿಳಿ ಉಂಗುರಗಳ ತಟ್ಟೆಯೊಂದನ್ನು ಮುಖದೆದುರು ಹಿಡಿಯುತ್ತಿದ್ದರು. ಅದರ ನಡುವಿನ ತೂತಿನಿಂದ ನೋಡಿದರೆ ಆ ಉಂಗುರಗಳ ಪ್ರತಿಬಿಂಬ ಎದುರಿನವರ ಕಣ್ಣಗುಡ್ಡೆಯ ಮೇಲೆ ಕಾಣುತ್ತದೆ. ಉಂಗುರ ದುಂಡಗಿದ್ದರೆ ಕಣ್ಣಿನ ಬಾಗು ಸರಿಯಿದೆ ಎಂದರ್ಥ.

“ಅಲ್ಲಾಡಬ್ಯಾಡ್ರಿ, ನನ್ನ ನೋಡ್ರಿ,” ಎನ್ನುತ್ತಿದ್ದರು. ನೋಡಲು ತೂತಿನಾಚೆ ಅವರ ಒಂದು ಕಣ್ಣಷ್ಟೇ ಇರುತ್ತಿತ್ತು.

ದೂರದ್ದು ಕಾಣದ ನನ್ನ ಕಣ್ಣಿಗೆ ಮುಂಬಯಿಯಲ್ಲಿ ಕನ್ನಡಕ ಬಿಡಿಸುವ ಆಪರೇಷನ್ ಆದ ಮೇಲೂ, ನಮ್ಮೂರು ತಿಳವಳ್ಳಿಯಿಂದ ಬಸ್ಸು ಹಿಡಿದು ಅವರಲ್ಲಿಗೇ ಹೋದೆ.

“ದುಂಡಗ ಅದಾವ್ರಿ ಅಕ್ಕಾರ. ಇನ್ನ ನೀವು ನಮ್ಮ ಅಂಗಡಿಗೆ ಬರೂ ಕೆಲಸಿಲ್ಲ,” ಎಂದರು. ಆದರೆ ತಟ್ಟೆಯನ್ನು ಕೆಳಗಿಡಲಿಲ್ಲ. ನನ್ನ ಕೈಗೆ ಕೊಟ್ಟು, ತಮ್ಮ ದಪ್ಪ ಕನ್ನಡಕ ತೆಗೆದು, ನನ್ನ ಜಾಗದಲ್ಲಿ ಬಂದು ಕುಳಿತರು.

“ನಂದೊಂದೀಟ ನೋಡ್ರಿ.”

ಅವರ ಕಣ್ಣಲ್ಲಿ ಉಂಗುರಗಳು ಕೆಳಕ್ಕೆ ಜಗ್ಗಿ ಮೊಟ್ಟೆಯಂತಾಗಿದ್ದವು. ಕಂಡದ್ದನ್ನು ಹೇಳಿದೆ.

“ನನಗೂ ಹಂಗ ಅನಸಿತ್ರಿ. ನೋಡಿ ಹೇಳಾಕ ಯಾರೂ ಇದ್ದಿಲ್ಲ.”

ನಾನು ತಟ್ಟೆ ಇಳಿಸಹೋದೆ. ಅವರು ಅಲ್ಲಾಡದೆ ಕೂತೇ ಇದ್ದರು.

“ಇನ್ನೊಂದೀಟ ಹೊತ್ತು ನೋಡ್ರಿ,” ಎಂದರು.