ಸೀರೆ ಅಂಗಡಿಯ ಸ್ಟೂಲು

ಬಿ.ಸಿ.ರೋಡಿನ ನಮ್ಮ ಸೀರೆ ಅಂಗಡಿಯಲ್ಲಿ ಮೊದಲು ನೆಲದ ಮೇಲೆ ಬಿಳಿ ಗಾದಿ ಇತ್ತು. ಗಿರಾಕಿಗಳೂ ಕೂರುವುದು, ನಾವೂ ಕೂರುವುದು, ಮದುವೆ ಸೀರೆ ಬಿಡಿಸುತ್ತಾ ಅವರ ಮನೆಯ ಸುದ್ದಿಯೆಲ್ಲ ಕೇಳುವುದು. ಆಮೇಲೆ ಅಂಗಡಿ ದೊಡ್ಡದಾಯಿತು, ಎಸಿ ಬಂತು, ಗಾದಿ ಹೋಗಿ ಗಾಜಿನ ಕೌಂಟರ್ ಬಂತು. ಅಂದಿನಿಂದ ನಾವು ಸೇಲ್ಸ್‌ನ ಹೆಂಗಸರು ನಿಂತವರು ನಿಂತೇ. ಗಿರಾಕಿ ಇಲ್ಲದಿದ್ದರೂ ನಿಲ್ಲಬೇಕು. ಕೂತರೆ ವ್ಯಾಪಾರ ಇಲ್ಲದ ಅಂಗಡಿ ಅಂತ ಕಾಣ್ತದಂತೆ.

ನನಗೆ ಬರೀ ಕಾಲುನೋವು. ಪಕ್ಕದ ಕೌಂಟರಿನ ಹುಡುಗಿ ಬಸುರಿ. ಕನ್ಯಾನದವಳು, ಗಂಡ ಗಲ್ಫಿನಲ್ಲಿ. ಮೊದಲಿನ ಬಸಿರು ಇಳಿದುಹೋಗಿತ್ತು, ಹಾಗಾಗಿ ಈ ಸಲ ಡಾಕ್ಟ್ರು ತುಂಬ ಹೊತ್ತು ನಿಲ್ಲಬಾರದು ಅಂತ ಹೇಳಿಯೇ ಕಳಿಸಿದ್ದರು. ಅವಳ ಪಾದ ಬೀಗಿ ಚಪ್ಪಲಿಯ ಪಟ್ಟಿ ಚರ್ಮದಲ್ಲಿ ಹೂತುಹೋಗುತ್ತಿತ್ತು.

"ಕೂರ್ಲಿಕ್ಕೆ ಕೇಳು ಮಾರಾಯ್ತಿ" ಅಂದೆ.

"ಬೇಡ ಅಕ್ಕ. ಹಾಗಾದ್ರೆ ಮನೆಯಲ್ಲೇ ಕೂತ್ಕೊ ಅಂತಾರೆ."

ಅದೇ ಸಮಯಕ್ಕೆ ಧಣಿಗಳಿಗೆ ನಮ್ಮ ಮನಸ್ಸಿನ ಆರೋಗ್ಯ ನೆನಪಾಗಬೇಕೇ. ಮಂಗಳೂರಿನಿಂದ ತರಬೇತಿಯವರೊಬ್ಬರನ್ನು ಕರೆಸಿದರು. ಆ ಮನುಷ್ಯ ನಮ್ಮನ್ನು ಸಾಲಾಗಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಉಸಿರು ಎಳೆಸಿ ಬಿಡಿಸಿದರು. ಈ ಟೆನ್ಶನ್, ಮಂಡೆಬಿಸಿ ಎಲ್ಲ ಹೊರಗಿನಿಂದ ಬರುವುದಲ್ಲವಂತೆ, ನಾವೇ ಮಾಡಿಕೊಳ್ಳುವುದಂತೆ. "ಇದು ಅಂಗಡಿ ಅಲ್ಲ, ನಿಮ್ಮದೇ ಮನೆ ಅಂತ ತಿಳ್ಕೊಳ್ಳಿ" ಅಂದರು. ನನಗೆ ಪಿತ್ತ ನೆತ್ತಿಗೇರಿತು. ಎಂತ ಸಾವು ಮಾರಾಯ್ರೆ, ಮನೆಯಲ್ಲಿ ಯಾರಾದರೂ ಇಡೀ ದಿನ ನಿಲ್ತಾರಾ?

ಕಣ್ಣು ಬಿಟ್ಟು ಕೇಳಿಯೇಬಿಟ್ಟೆ. "ಮನೆ ಅಂತಾದರೆ ಕೂರ್ಲಿಕ್ಕೆ ಒಂದು ಸ್ಟೂಲು ಕೊಡ್ಲಿಕ್ಕೆ ಹೇಳಿ ಸರ್."

ಎಲ್ಲರೂ ನಕ್ಕರು, ಧಣಿಗಳೂ ನಕ್ಕರು. ಸುಳ್ಳು ಯಾಕೆ ಹೇಳಬೇಕು, ಮರುದಿನವೇ ಸ್ಟೂಲು ಬಂತು. ಗಿರಾಕಿ ಇಲ್ಲದಾಗ ಯಾರು ಬೇಕಾದರೂ ಕೂರಬಹುದು ಅಂತ ಅವರೇ ಹೇಳಿದರು.

ಯಾರೂ ಕೂರಲಿಲ್ಲ. ಮೇಲೆ ಕ್ಯಾಮರಾ ಉಂಟು, ಮೊದಲು ಕೂತವಳೇ ಸೋಮಾರಿ ಅಂತಾಗ್ತದೆ. ಒಬ್ಬಳು ಧೈರ್ಯ ಮಾಡಿ ಹತ್ತಿರ ಹೋದಳು. "ಓಹೋ, ರಾಣಿಯವರಿಗೆ ಸಿಂಹಾಸನ" ಅಂತ ಇನ್ನೊಬ್ಬಳು ತಮಾಷೆ ಮಾಡಿದಳು. ಹೋದವಳು ಸೀರೆ ಮಡಚುವ ನೆಪದಲ್ಲಿ ವಾಪಸು ಬಂದಳು. ಕಾಲುನೋವಿನವರೇ ಇನ್ನೊಬ್ಬಳ ಕಾಲುನೋವಿಗೆ ನಗುವುದು ನೋಡಿ ನನಗೆ ಮೈ ಉರಿಯಿತು. ಕೆಲವೇ ದಿನಗಳಲ್ಲಿ ಸ್ಟೂಲಿನ ಮೇಲೆ ಬ್ಲೌಸ್ ಪೀಸಿನ ಕಟ್ಟುಗಳು ಕೂತವು.

ಒಂದು ಮಧ್ಯಾಹ್ನ ಅಂಗಡಿ ಖಾಲಿ ಇತ್ತು. ಹುಡುಗಿ ಕೌಂಟರಿನ ಅಂಚು ಹಿಡಿದು ತಲೆ ತಗ್ಗಿಸಿ ನಿಂತಿದ್ದಳು, ಮುಖ ಬಿಳಿಚಿತ್ತು. ನಾನು ಕಟ್ಟುಗಳನ್ನು ನೆಲಕ್ಕೆ ತಳ್ಳಿ, ಸ್ಟೂಲನ್ನು ಕ್ಯಾಮರಾದ ಎದುರಿಗೇ ಎಳೆದು, ಮೊದಲು ನಾನೇ ಕೂತೆ. ಬೈಯಲಿಕ್ಕುಂಟಾದರೆ ನನಗೇ ಬೈಯಲಿ. ಧಣಿಗಳು ಕ್ಯಾಶ್ ಕೌಂಟರಿನಿಂದ ನನ್ನನ್ನು ನೋಡಿದರು, ಫೋನಿನಲ್ಲಿ ಮಾತು ಮುಂದುವರಿಸಿದರು.

"ನೋಡಿದೆಯಾ, ಏನೂ ಆಗ್ಲಿಲ್ಲ" ಅಂತ ಎದ್ದು ಅವಳನ್ನು ಕೂರಿಸಿದೆ.

ಅರ್ಧ ಕೂತಿದ್ದಳು ಅಷ್ಟೆ, ಬಾಗಿಲಿನ ಸದ್ದಾಯಿತು. ಬಂದದ್ದು ಕೊರಿಯರಿನವನು. ಅವಳು ಗಿರಾಕಿ ಅಂತ ಗಡಬಡಿಸಿ ಎದ್ದಳು, ತಲೆ ತಿರುಗಿ ಅಲ್ಲೇ ಕುಸಿದಳು.

ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಧಣಿಗಳೇ ಓಡಿ ಬಂದು ಅವಳನ್ನು ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಯಾರ ಮೇಲೆ ಸಿಟ್ಟು ಮಾಡುವುದು ಅಂತಲೇ ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ. ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದವಳು ದಾರಿಯಲ್ಲಿ ಕಣ್ಣು ಬಿಟ್ಟಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಮುಂದೆ ಕಾರು ಓಡಿಸುತ್ತಿದ್ದ ಧಣಿಗಳಿಗೆ ಕೇಳದ ಹಾಗೆ, ಪಿಸುಮಾತಿನಲ್ಲಿ ಕೇಳಿದಳು.

"ಅಕ್ಕ, ನಾನು ಕೂತದ್ದನ್ನು ಅವರು ನೋಡಿದರಾ?"