ಶಾಂಭವಿ ರುಚಿ ನೋಡಿದ ಇಟಲಿಯ ವೈನ್

ಹೊಸಪೇಟೆಯ ಹೋಟೆಲೊಂದರಲ್ಲಿ ಊಟ ಬಡಿಸುವ ಶಾಂಭವಿಯ ಮನೆಯಲ್ಲಿ ಮದ್ಯದ ಹೆಸರೆತ್ತುವಂತಿರಲಿಲ್ಲ. ಆದರೂ ವೈನ್ ಬಡಿಸುವ ಕೆಲಸ ತನಗೇ ಬೇಕೆಂದು ಮ್ಯಾನೇಜರರ ಬೆನ್ನುಬಿದ್ದಳು.

"ರುಚಿ ಗೊತ್ತಿಲ್ಲದೆ ಮಂದಿಗೆ ಏನಂತ ಹೇಳ್ತೀಯಮ್ಮ?" ಎನ್ನುತ್ತ ಅವರು ಇಟಲಿಯ ಕೆಂಪು ವೈನ್ ಸುರಿದುಕೊಟ್ಟರು.

ಅವಳು ಕಣ್ಣುಮುಚ್ಚಿ ಗುಟುಕರಿಸಿದಳು. ಮೊದಲು ಹಗುರವಾದ ಹುಳಿ, ಆಮೇಲೆ ನೇರಳೆ ಹಣ್ಣಿನಂಥ ಒಗರು. ಗಂಟಲು ಸುಡಲಿಲ್ಲ, ಇನ್ನೊಂದು ಗುಟುಕು ಬೇಕೆನಿಸಿತು.

ಮನೆಗೆ ಬಂದು ಅವ್ವ ಪಂಪಮ್ಮನಿಗೆ ಮುಚ್ಚಿಡದೆ ಹೇಳಿದಳು.

"ಕೊಳ್ಳಾಗ ಲಿಂಗ ಐತಿ ನಿಂಗ. ಆ ಕೆಲಸ ಬ್ಯಾಡ, ಬಿಡು."

"ಬಿಡಂಗಿಲ್ಲವ್ವ. ಚಟಕ್ಕಲ್ಲ, ಕಲಿಯಾಕ ಕುಡದೀನಿ."

ಪಂಪಮ್ಮ ಮಗಳ ಜೊತೆ ಮಾತು ಬಿಟ್ಟಳು. ಶಾಂಭವಿ ಕೆಲಸ ಬಿಡಲಿಲ್ಲ. ಒಂದು ರಾತ್ರಿ ಹೋಟೆಲಿಗೆ ಊಟಕ್ಕೆ ಬಂದ, ವೈನೆಂದರೆ ಅಂಜುತ್ತಿದ್ದ ದಂಪತಿಗೆ, "ಹೆದರಬ್ಯಾಡ್ರಿ, ಭಾಳ ಸೌಮ್ಯ ಐತಿ. ಊಟದ ಜೊತಿ ನಿಧಾನಕ್ಕ ಕುಡೀರಿ" ಎಂದಳು. ಅವರು ಖುಷಿಯಿಂದ ಬಾಟಲಿ ಮುಗಿಸಿದರು. ಮರುದಿನ ಮ್ಯಾನೇಜರು ವೈನ್ ಕಪಾಟಿನ ಬೀಗದ ಕೈಯನ್ನು ಅವಳಿಗೇ ಒಪ್ಪಿಸಿದರು.