ಹೋರಿ ಒದ್ದದ್ದು ಎಂದುಕೊಂಡ ಗಂಟು

ನಮ್ಮಣ್ಣ ಹೋರಿಗಳ ಬೀಜ ಒಡೆಯುತ್ತಿದ್ದ. ಕೊರಟಗೆರೆಯಿಂದ ಮಧುಗಿರಿಯವರೆಗೆ, ಸಿದ್ದರಬೆಟ್ಟದ ಸುತ್ತಿನ ಹಳ್ಳಿಗಳಲ್ಲಿ, ಹೋರಿಯನ್ನು ನೇಗಿಲಿಗೆ ಪಳಗಿಸಬೇಕಾದವರೆಲ್ಲ ಅವನಿಗೇ ಹೇಳಿ ಕಳಿಸುತ್ತಿದ್ದರು. ಆಗ ಮೈಸೂರು ಮಹಾರಾಜರ ಕಾಲ. ದನದ ಡಾಕ್ಟರನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ನಾನು ಅಣ್ಣನ ಜೊತೆ ಹಗ್ಗ ಹಿಡಿಯುವವನು. ಮದುವೆಯಾಗಿ ಬೇರೆ ಮನೆ ಮಾಡಿದ ಮೇಲೂ ಆ ಕೆಲಸಕ್ಕೆ ಅವನ ಹಿಂದೆ ಹೋಗುತ್ತಿದ್ದೆ.

ಆ ಕೆಲಸ ಹೇಗಿತ್ತೆಂದು ಮೊದಲೇ ಹೇಳಬೇಕು. ಮುಂದೆ ನಡೆದದ್ದಕ್ಕೆಲ್ಲ ಅದೇ ಮೂಲ. ಹೋರಿಯ ಕೊರಳಿಗೂ ಹೊಟ್ಟೆಗೂ ಹಗ್ಗ ಸುತ್ತಿ ಎಳೆದರೆ ಅದು ಮೊಣಕಾಲೂರಿ ಮಗ್ಗುಲಾಗಿ ಬೀಳುತ್ತದೆ. ನಾಲ್ಕೂ ಕಾಲನ್ನು ಒಟ್ಟಿಗೆ ಬಿಗಿಯಬೇಕು. ಒಬ್ಬ ಅದರ ಕೊಂಬನ್ನು ನೆಲಕ್ಕೊತ್ತಿ ಕೂರಬೇಕು. ಬೀಜದ ಮೇಲಿನ ನರವನ್ನು ಎರಡು ಮರದ ಪಟ್ಟಿಗಳ ನಡುವೆ ಸಿಕ್ಕಿಸಿ ಅಣ್ಣ ಕೊಡತಿಯಿಂದ, ಅಂದರೆ ಮರದ ಸುತ್ತಿಗೆಯಿಂದ, ಹೊಡೆಯುತ್ತಿದ್ದ. ಚರ್ಮ ಹರಿಯಬಾರದು, ಒಳಗಿನ ನರ ಮಾತ್ರ ಜಜ್ಜಬೇಕು. ಒಂದು ಕಡೆ ಮುಗಿದ ಮೇಲೆ ಇನ್ನೊಂದು ಕಡೆ. ಹೋರಿ ಕೂಗುತ್ತಿರಲಿಲ್ಲ. ನೆಲದ ಮಣ್ಣು ಹಾರುವಂತೆ ಮೂಗಿನಿಂದ ಉಸಿರು ಬಿಡುತ್ತಿತ್ತು, ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಆಮೇಲೆ ಅರಿಸಿನ, ಹರಳೆಣ್ಣೆ. ಹಗ್ಗ ಬಿಚ್ಚಿದಾಗ ಎದ್ದು ನಿಲ್ಲುತ್ತಿದ್ದುದು ಎತ್ತು.

ಸುತ್ತ ನಿಂತ ಗಂಡಸರು ಪ್ರತಿಸಲವೂ ಅದೇ ತಮಾಷೆ ಮಾಡುತ್ತಿದ್ದರು. "ಪಂಚೆ ಬಿಗಿಯಾಗಿ ಕಟ್ಕಳ್ರಲಾ, ಅವನ ಕೈ ಇನ್ನೂ ಬಿಸಿಯಾಗೈತೆ."

ಒಂದು ಸಲ, ಯುಗಾದಿಗೆ ಕೆಲವು ವಾರ ಮುಂಚೆ, ಬಿಗಿ ಸಡಿಲವಾಗಿ ಹೋರಿಯೊಂದು ಅಣ್ಣನ ತೊಡೆಸಂದಿಗೆ ಒದ್ದಿತು. ಅವನು ಸ್ವಲ್ಪ ಹೊತ್ತು ಮುದುರಿ ಕೂತಿದ್ದು ಎದ್ದ. ಕೊಡತಿಯಿಂದ ಅದರ ಮೂತಿಗೆ ಬಾರಿಸಿದ. ರಕ್ತ ಬಂತು. ಆಮೇಲೆ ಕೆಲಸ ಮುಗಿಸಿದ.

ಯುಗಾದಿಯ ದಿನ ನಮ್ಮಲ್ಲಿ ಗಂಡಸರು ಲಂಗೋಟಿ ಕಟ್ಟಿ, ಮೈತುಂಬ ಹರಳೆಣ್ಣೆ ಹಚ್ಚಿಕೊಂಡು ಹಿತ್ತಿಲ ಬಿಸಿಲಿನಲ್ಲಿ ಕೂರುತ್ತಾರೆ. ಆ ಸಲ ಅಣ್ಣನ ಬೆನ್ನಿಗೂ ತೊಡೆಗೂ ನಾನೇ ಎಣ್ಣೆ ತಿಕ್ಕುತ್ತಿದ್ದೆ. ಲಂಗೋಟಿಯ ಒಂದು ಪಕ್ಕ ಉಬ್ಬಿತ್ತು.

"ಏನಣ್ಣ ಇದು?"

"ಹೋರಿ ಒದ್ದಿತ್ತಲ್ಲ, ಅದು ಕಣ್ಲಾ. ಗಟ್ಟಿಯಾಗೈತೆ ಅಷ್ಟೆ."

"ನೋವೈತಾ?"

"ನೋವಿದ್ರೆ ಸುಮ್ನಿರ್ತಿದ್ನಾ. ಒಳಗೆ ಕಲ್ಲು ಇದ್ದಂಗೈತೆ. ನೀನು ತಿಕ್ಕು."

ನೋವಿಲ್ಲದ್ದನ್ನು ಕಾಯಿಲೆಯೆಂದು ನಮ್ಮಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಆದರೆ ಒದೆತದ ಊತ ಅಷ್ಟು ಹೊತ್ತಿಗೆ ಇಳಿದಿರಬೇಕಿತ್ತು. ಇದು ಬೆಳೆದಿತ್ತು.

ಹಬ್ಬ ಕಳೆದ ಮೇಲೆ ಅತ್ತಿಗೆ ನಮ್ಮ ಮನೆಗೆ ಬಂದು ಬಾಗಿಲಲ್ಲೇ ನಿಂತರು. "ದಿನದಿನಕ್ಕೂ ದಪ್ಪ ಆಗ್ತೈತೆ ಕಣಪ್ಪ. ನಾನು ಬಾಯಿ ಬುಟ್ರೆ ಹೊಡೀತಾರೆ. ಮಧುಗಿರೀಲಿ ಆಸ್ಪತ್ರೆ ಐತಂತಲ್ಲ, ನೀನಾದ್ರೂ ಒಂದು ಮಾತು ಹೇಳು."

ಹೇಳಿದೆ. ಅಣ್ಣ ಕೊಟ್ಟಿಗೆಯಲ್ಲಿ ಕೂತು ಕೊಡತಿಗೆ ಎಣ್ಣೆ ಸವರುತ್ತಿದ್ದ. ಆಸ್ಪತ್ರೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅದನ್ನು ಬೀಸಿದ. ನನ್ನ ಎಡಭುಜದ ಎಲುಬು ಮುರಿದ ಸದ್ದು ನನಗೇ ಕೇಳಿಸಿತು. ಅದು ಸೊಟ್ಟಗೇ ಕೂಡಿಕೊಂಡಿದೆ, ಈಗಲೂ ಚಳಿಗೆ ನೋಯುತ್ತದೆ.

"ಡಾಕ್ಟ್ರು ಏನ್ ಮಾಡ್ತಾನೆ ಅಂತ ನಂಗೊತ್ತಿಲ್ವೇನ್ಲಾ? ಕೊಯ್ದು ಹಾಕ್ತಾನೆ. ಊರೋರ ಹೋರಿನೆಲ್ಲ ಎತ್ತು ಮಾಡಿದೋನು ತಾನೇ ಎತ್ತಾಗಿ ಬಂದ ಅಂತ ಜನ ನಗ್ಬೇಕಾ?"

ಅಡ್ಡ ಬಂದ ಅತ್ತಿಗೆಯನ್ನು ತಳ್ಳಿದ. ಅವರ ಹಣೆ ಕಂಬಕ್ಕೆ ಬಡಿದು ಒಡೆಯಿತು. ಸೆರಗಿನಿಂದ ರಕ್ತ ಒತ್ತಿಕೊಂಡು ಅವರು ಹೇಳಿದರು: "ನಗೋರು ನಗ್ಲಿ, ನೀವು ಬದ್ಕಿರಿ."

ಅವನು ಎದ್ದು ಹೊರಗೆ ಹೋದ.

ಇಂಥ ಸುದ್ದಿ ಹಳ್ಳಿಯಲ್ಲಿ ನಿಲ್ಲುವುದಿಲ್ಲ. ಒಂದು ದಿನ ಕೆರೆಯಲ್ಲಿ ದನ ತೊಳೆಯುತ್ತಿದ್ದಾಗ, ಏರಿಯ ಪಕ್ಕದ ಮನೆಯವನೊಬ್ಬ ಕೇಳಿದ: "ಏನಣ್ಣ, ಹೋರಿಗಳ ಶಾಪ ತಟ್ತಂತೆ? ಎಷ್ಟು ದಪ್ಪ ಐತೆ, ಮಾವಿನಕಾಯಿಯಷ್ಟಾ?" ಅಣ್ಣ ಕೈಲಿದ್ದ ಹಗ್ಗವನ್ನು ಅವನ ಕತ್ತಿಗೆ ಸುತ್ತಿ, ಬೆನ್ನಿಗೆ ಮೊಣಕಾಲು ಕೊಟ್ಟು, ಹೋರಿ ಕೆಡವುವ ಹಾಗೆ ಕೆಡವಿದ. ನೀರಿನಲ್ಲಿ ಅವನ ಕಾಲು ಬಡಿದುಕೊಳ್ಳುತ್ತಿತ್ತು. ನಾವೆಲ್ಲ ಸೇರಿ ಅಣ್ಣನ ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. ಆ ಮನುಷ್ಯನ ಕತ್ತಿನಲ್ಲಿ ಹಗ್ಗದ ಹುರಿಯ ಗುರುತು ಉಳಿದುಬಿಟ್ಟಿತು.

ಕೊನೆಗೆ ಅಣ್ಣ ಒಪ್ಪಿದ್ದು ಬರೆಗೆ. ಬರೆ ಹಾಕುವ ಮುದುಕನನ್ನು ಕರೆಸಿದ. ಕುಡುಗೋಲಿನ ತುದಿ ಕೆಂಡದಲ್ಲಿ ಕೆಂಪಾಯಿತು. ಕೈಕಾಲು ಕಟ್ಟೋಣವೆಂದು ಮುದುಕ ಅಂದ. "ನಾನು ದನ ಅಲ್ಲ, ಹಾಕು" ಎಂದ ಅಣ್ಣ. ಮುದುಕ ಕಿಬ್ಬೊಟ್ಟೆಯ ಮೇಲೆ ಸಾಲಾಗಿ ಬರೆ ಎಳೆದ. ಚರ್ಮ ಚುರುಗುಟ್ಟಿತು. ಕೂದಲು ಸುಟ್ಟ ನಾತಕ್ಕೆ ನಾನು ಮೂಗು ಮುಚ್ಚಿಕೊಂಡೆ. ಅಣ್ಣ ಮೂಗಿನಿಂದ ಉಸಿರು ಬಿಡುತ್ತಿದ್ದ, ಕಣ್ಣಿನ ಬಿಳಿ ಮಾತ್ರ ಕಾಣುತ್ತಿತ್ತು. ಅದನ್ನು ನಾನು ಮೊದಲೆಲ್ಲಿ ನೋಡಿದ್ದೆ ಎಂದು ಯೋಚಿಸಬೇಕಾಗಲಿಲ್ಲ.

ಬರೆಯ ಗಾಯ ಕೀವು ಸೇರಿ ಮಾಗಿತು. ಗಂಟು ಹಾಗೇ ಬೆಳೆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಸೊಂಟದ ನೋವಿಗೆ ನಿದ್ದೆ ಬಾರದಾಯಿತು, ಕೊಡತಿ ಎತ್ತುವ ತೋಳು ಕಡ್ಡಿಯಾಯಿತು. ಎಡಗಡೆ ಕತ್ತಿನ ಬುಡದಲ್ಲಿ ಇನ್ನೊಂದು ಗಂಟು ಎದ್ದಿತು. ಕೆಮ್ಮಿದರೆ ರಕ್ತ. ದಸರಾ ಕಳೆದ ಮೇಲೆ ಒಂದು ಬೆಳಿಗ್ಗೆ ಅವನೇ, "ಗಾಡಿ ಕಟ್ಟು ಕಣ್ಲಾ" ಎಂದ.

ಮಧುಗಿರಿಯ ಬೆಟ್ಟ ದೂರದಿಂದಲೇ ಕಾಣುತ್ತದೆ, ಆದರೆ ಎಷ್ಟು ಸಾಗಿದರೂ ಹತ್ತಿರ ಬರುವುದಿಲ್ಲ. ಗಾಡಿ ಕುಲುಕಿದಾಗಲೆಲ್ಲ ಅವನು ಗೂಟ ಕಚ್ಚುತ್ತಿದ್ದ.

ಡಾಕ್ಟರು ವಯಸ್ಸಾದವರು. ಅವಸರವಿಲ್ಲದೆ ಮುಟ್ಟಿ ನೋಡಿದರು. ಗಂಟು, ಹೊಟ್ಟೆ, ಕತ್ತು. ಬರೆಯ ಗುರುತುಗಳ ಮೇಲೆ ಅವರ ಬೆರಳು ಸ್ವಲ್ಪ ನಿಂತಿತು.

"ಯಾವಾಗ ಕಂಡದ್ದು?"

"ಯುಗಾದಿಗೆ ಮುಂಚೆ, ಸ್ವಾಮಿ. ಹೋರಿ ಒದ್ದಿತ್ತು."

"ಒದೆತದಿಂದ ಬಂದದ್ದಲ್ಲಪ್ಪ ಇದು. ಒದ್ದದ್ದರಿಂದ ನಿನ್ನ ಕೈ ಅಲ್ಲಿಗೆ ಹೋಗಿ ಗಂಟು ಸಿಕ್ಕಿತು, ಅಷ್ಟೆ. ಇದು ಕ್ಯಾನ್ಸರು. ಆವಾಗಲೇ ಬಂದಿದ್ದರೆ ಒಂದನ್ನು ತೆಗೆದುಬಿಡುತ್ತಿದ್ದೆವು. ಬದುಕಬಹುದಿತ್ತು. ಈಗ ಒಳಗೆಲ್ಲ ಹಬ್ಬಿದೆ."

ಅಣ್ಣ ಕೇಳಿದ: "ಒಂದನ್ನಾ?"

"ಕೆಟ್ಟಿರೋದು ಒಂದೇ ಅಲ್ಲವೇ. ಇನ್ನೊಂದು ಚೆನ್ನಾಗಿದೆ, ಅದನ್ನೇಕೆ ಮುಟ್ಟಬೇಕು? ಸಂಸಾರಕ್ಕೆ, ಮಕ್ಕಳಿಗೆ, ಗಡ್ಡಮೀಸೆಗೆ, ಎಲ್ಲಕ್ಕೂ ಒಂದು ಸಾಕು."

ಅಣ್ಣ ಡಾಕ್ಟರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಹೋರಿಗೆ ನಾವು ಎರಡೂ ಒಡೆಯುತ್ತಿದ್ದೆವು. ಒಂದು ಉಳಿದರೆ ಹೋರಿ ಹೋರಿಯಾಗಿಯೇ ಇರುತ್ತದೆ, ಒಡೆದವನ ಕೆಲಸ ಕೆಟ್ಟಿತೆಂದು ಜನ ನಗುತ್ತಾರೆ. ಅದು ನಮಗಿಬ್ಬರಿಗೂ ಗೊತ್ತಿದ್ದಷ್ಟು ಆ ಸೀಮೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಮನುಷ್ಯನಿಗೆ ಒಂದನ್ನು ಉಳಿಸುತ್ತಾರೆಂದು ಇಬ್ಬರಿಗೂ ಹೊಳೆದಿರಲಿಲ್ಲ. ಕೇಳುವುದಕ್ಕೆ ಯಾರೂ ಹೋಗಿರಲಿಲ್ಲ.

ಊರು ಹತ್ತಿರವಾದಾಗ ಕೆರೆಯ ಅಂಗಳದಲ್ಲಿ ಒಂದು ಹೋರಿಯನ್ನು ಕೆಡವಿದ್ದರು. ಬೇರೆ ಊರಿನ ಒಡೆಯುವವನನ್ನು ಕರೆಸಿದ್ದರು. ಊರ ಗಂಡಸರೆಲ್ಲ ಸುತ್ತ ನಿಂತಿದ್ದರು. ಅಣ್ಣ ಗಾಡಿ ನಿಲ್ಲಿಸೆಂದ. ನನ್ನ ಭುಜ ಹಿಡಿದು, ತಾನೇ ಮುರಿದ ಆ ಭುಜವನ್ನೇ ಹಿಡಿದು, ಇಳಿದ. ಅವರ ನಡುವೆ ಹೋಗಿ ಪಂಚೆ ಬಿಚ್ಚಿ ಲಂಗೋಟಿ ಕಿತ್ತೆಸೆದ.

"ನೋಡ್ರಲಾ. ಹತ್ರ ಬಂದು ನೋಡ್ರಿ. ನಗೋರು ಈಗ್ಲೇ ನಕ್ಬುಡ್ರಿ."

ಯಾರೂ ನಗಲಿಲ್ಲ. ನೆಲದ ಮೇಲೆ ಹೋರಿ ಉಸಿರು ಬಿಡುವುದೊಂದೇ ಕೇಳುತ್ತಿತ್ತು.

"ನೋವಿಲ್ದೆ ಬಂತು ಇದು. ನಿಮಗೂ ಇಂಗೆ ಗಟ್ಟಿಯಾಗಿ ಕೈಗೆ ಸಿಕ್ರೆ ಬರೆಗಿರೆ ಅಂತ ಕೂರ್ಬೇಡಿ. ಮಧುಗಿರಿಗೆ ಹೋಗ್ರಿ. ಒಂದೇ ತೆಗಿಯೋದಂತೆ. ನಾನು ಕೇಳ್ಕಂಡು ಬಂದಿದ್ದೀನಿ. ಒಂದೇ."

ಸಂಕ್ರಾಂತಿಗೆ ಮುಂಚೆ ಅವನು ಸತ್ತ. ಸುಲಭವಾಗಿ ಸಾಯಲಿಲ್ಲ. ಕೊನೆಯ ದಿನಗಳಲ್ಲಿ ಅವನನ್ನು ಮಂಚಕ್ಕೆ ಒತ್ತಿ ಹಿಡಿಯಬೇಕಾಗುತ್ತಿತ್ತು. ಹಿಡಿದವನು ನಾನೇ.

ಮುಂದಿನ ಬೇಸಿಗೆಯಲ್ಲಿ, ಕತ್ತಿನಲ್ಲಿ ಹಗ್ಗದ ಗುರುತಿದ್ದ ಆ ಮನುಷ್ಯ ನಮ್ಮ ಜಗಲಿಗೆ ಬಂದು ಕೂತ. ಬೆಳೆ, ಬಿಸಿಲು ಎಂದು ಅದೂ ಇದೂ ಮಾತಾಡಿದ. ಏಳುವಾಗ ಕೇಳಿದ, "ಅವತ್ತು ನಿಮ್ಮಣ್ಣ ಒಂದೇ ಅಂದ್ನಲ್ಲ, ದಿಟವಾ?"

"ದಿಟ. ನನ್ನೆದುರಿಗೇ ಡಾಕ್ಟ್ರು ಹೇಳಿದ್ರು."

"ಹಂಗಾದ್ರೆ ಮಧುಗಿರಿಗೆ ನೀನೂ ಬತ್ತೀಯಾ?"

ಅವತ್ತೇ ಹೊರಟೆವು. ಅದೇ ಡಾಕ್ಟರಿದ್ದರು. ಮುಟ್ಟಿ ನೋಡಿ ಅದೇ ಪ್ರಶ್ನೆ ಕೇಳಿದರು: "ಯಾವಾಗ ಕಂಡದ್ದು?"

"ಮೊನ್ನೆ, ಸ್ವಾಮಿ" ಎಂದ ಅವನು.

ಡಾಕ್ಟರು ತಲೆಯೆತ್ತಿ ಅವನ ಮುಖ ನೋಡಿದರು. ಆಮೇಲೆ ಕೋಣೆ ಕತ್ತಲು ಮಾಡಿ, ಊತದ ಹಿಂದೆ ದೀಪ ಹಿಡಿದು ನೋಡಿದರು. ಬೆಳಕು ಕೆಂಪಾಗಿ ತೂರಿ ಬಂತು. ಬರೀ ನೀರು ತುಂಬಿದೆ, ಹೆದರುವಂಥದ್ದಲ್ಲ, ಆದರೂ ಬಂದದ್ದು ಒಳ್ಳೆಯದಾಯಿತು ಎಂದರು.

ಹೊರಗೆ ಬಂದು ಅವನು ಮೆಟ್ಟಿಲ ಮೇಲೆ ಕೂತ. ಕತ್ತಿನ ಗುರುತನ್ನು ಸವರಿಕೊಳ್ಳುತ್ತಾ ಬಹಳ ಹೊತ್ತು ಬೆಟ್ಟದ ಕಡೆ ನೋಡುತ್ತಿದ್ದ.